ಲ್ಯಾಪ್‌ಟಾಪ್ ಹೋಯಿತು, ಪಟ್ಟಿಯ ಗತಿಯೇನು?

ಪ್ರಶ್ನೆ: ನಾನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಕಳೆದ ಶುಕ್ರವಾರ ಧಾರವಾಡದಲ್ಲಿ ತರಬೇತಿ ಮುಗಿಸಿ ಬರುವಾಗ ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಕಚೇರಿಯ ಲ್ಯಾಪ್‌ಟಾಪ್ ಇದ್ದ ಚೀಲವನ್ನು ಯಾರೋ ಎತ್ತಿಕೊಂಡು ಹೋದರು. ವೃದ್ಧಾಪ್ಯ ವೇತನದವರ ಆಧಾರ್ ಮತ್ತು ಖಾತೆ ಸಂಖ್ಯೆಗಳ ಪಟ್ಟಿ ಅದರಲ್ಲಿತ್ತು. ‘ಪಾಸ್‌ವರ್ಡ್ ಇದೆಯಲ್ಲ, ಯಂತ್ರದ ಹಣ ಕಟ್ಟಿ ಸುಮ್ಮನಿರಿ’ ಎನ್ನುತ್ತಾರೆ ಸಹೋದ್ಯೋಗಿಗಳು. ಏನು ಮಾಡಲಿ ಸರ್?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಸುಮ್ಮನಿರಬೇಡಿ ತಂಗಿ. ನಾನು ಸೇವೆಯಲ್ಲಿದ್ದಾಗ ಕಚೇರಿಯ ಕಂಪ್ಯೂಟರ್‌ಗಳ ಉಸಾಬರಿಯೆಲ್ಲ ನನ್ನದೇ ಆಗಿತ್ತು. ಒಮ್ಮೆ ಸಾಹೇಬರು ಪಾಸ್‌ವರ್ಡ್ ಮರೆತು ಕುಳಿತರು. ನಾಲ್ಕು ತಿರುಪು ಬಿಚ್ಚಿ, ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಜೋಡಿಸಿದೆ. ಚಹಾ ಬರುವುದರೊಳಗೆ ಅವರ ಕಡತಗಳೆಲ್ಲ ತೆರೆದುಕೊಂಡವು, ಮಗಳ ಮದುವೆಯ ಲೆಕ್ಕದ ಸಮೇತ! ಪಾಸ್‌ವರ್ಡ್‌ನ ಕಾವಲು ಅಷ್ಟೇ. ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ಚಾಲೂ ಇತ್ತೇ ಎಂದು ವಿಚಾರಿಸಿ. ಇದ್ದರೆ ಅರ್ಧ ಚಿಂತೆ ಕಳೆಯಿತು. ಅದರ 48 ಅಂಕಿಗಳ ಕೀಲಿಸಂಖ್ಯೆಯ ಚೀಟಿಯನ್ನು ಅದೇ ಚೀಲದಲ್ಲಿ ಇಟ್ಟಿರಲಿಲ್ಲ ತಾನೇ? ನಗಬೇಡಿ, ಇಟ್ಟವರನ್ನು ಕಂಡಿದ್ದೇನೆ.

2006ರ ಮೇ 3ರಂದು ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರನೊಬ್ಬನ ಮನೆಯಿಂದ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಕಳುವಾದವು. ಸುಮಾರು 2 ಕೋಟಿ 65 ಲಕ್ಷ ಜನರ ವಿವರಗಳು ಅದರಲ್ಲಿದ್ದವು. ಇಲಾಖೆ ಬಾಯಿ ಬಿಟ್ಟಿದ್ದು ಮೇ 22ಕ್ಕೆ. ಜೂನ್ ಕೊನೆಗೆ ಯಂತ್ರ ಸಿಕ್ಕಿತು, ಮಾಹಿತಿಯನ್ನು ಯಾರೂ ಮುಟ್ಟಿದಂತೆ ಕಾಣಲಿಲ್ಲ. ಆದರೂ ಮೊಕದ್ದಮೆ ಮುಗಿಸಲು 2009ರಲ್ಲಿ 2 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು.

ಆದ್ದರಿಂದ ಇವತ್ತೇ ಪಟ್ಟಿಯಲ್ಲಿ ಏನೇನಿತ್ತು ಎಂಬುದನ್ನು ಮೇಲಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ದಾಸ್ತಾನು ವಹಿಯಿಂದ ಸೀರಿಯಲ್ ನಂಬರ್ ಹುಡುಕಿ ಪೊಲೀಸರಿಗೆ ದೂರು ಕೊಡಿ. ‘ಕಳೆದುಹೋಗಿದೆ’ ಎಂದು ಮೆತ್ತಗೆ ಬರೆಯಬೇಡಿ, ಕಳುವಾಗಿದೆ ಎಂದೇ ಬರೆಯಿರಿ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ. ಡಿಜಿಟಲ್ ಸಹಿಯ ಟೋಕನ್ (ಸಹಿಯ ಪ್ರಮಾಣಪತ್ರವಿರುವ, ಪೆನ್‌ಡ್ರೈವ್‌ನಂಥ ಸಾಧನ) ಕೂಡ ಚೀಲದಲ್ಲಿದ್ದರೆ ಆ ಪ್ರಮಾಣಪತ್ರವನ್ನು ಮೊದಲು ರದ್ದು ಮಾಡಿಸಿ.

ಇನ್ನು ಪಟ್ಟಿಯಲ್ಲಿರುವ ಹಿರಿಯರು. ಬರೀ ಆಧಾರ್ ಸಂಖ್ಯೆಯಿಂದ ಹಣ ತೆಗೆಯಲಾಗದು, ಹೆಬ್ಬೆಟ್ಟೂ ಬೇಕು. ಅರ್ಜಿಗಳ ಹೆಬ್ಬೆಟ್ಟಿನ ಗುರುತು ಸ್ಕ್ಯಾನ್ ಆಗಿ ಅದರಲ್ಲಿದ್ದರೆ ಮಾತು ಬೇರೆ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ ಎಂದು ಯಾರಾದರೂ ಹೇಳಬಹುದು. ಹಾಗೆ ಮಾಡಿಸಿದರೆ ಹೆಬ್ಬೆಟ್ಟು ಒತ್ತಿ ವೇತನ ತೆಗೆಯುವ ಅಜ್ಜಿ ಬರಿಗೈಲಿ ಮನೆಗೆ ಹೋಗುತ್ತಾಳೆ. ನನಗೆ ನಿಜವಾಗಿ ಭಯವಿರುವುದು ಫೋನಿನದು. ‘ನಿಮ್ಮ ವೇತನ ನಿಂತಿದೆ, ಒಟಿಪಿ ಹೇಳಿ’ ಎನ್ನುವವನು ಹೆಸರು, ಊರು, ಖಾತೆ ಸಂಖ್ಯೆ ಸರಿಯಾಗಿ ಹೇಳಿಬಿಟ್ಟರೆ ಯಾವ ಅಜ್ಜ ನಂಬದೆ ಇದ್ದಾನು? ಪಟ್ಟಿಯ ಇನ್ನೊಂದು ಪ್ರತಿ ಕಚೇರಿಯಲ್ಲಿದ್ದರೆ ಊರುವಾರು ವಿಂಗಡಿಸಿ, ಗ್ರಾಮ ಪಂಚಾಯಿತಿಗಳ ಮೂಲಕ ಡಂಗುರ ಸಾರಿಸಲು ಸಾಹೇಬರನ್ನು ಒಪ್ಪಿಸಿ.

ಯಂತ್ರದ ಹಣದ ಮಾತು ವಿಚಾರಣೆ ಮುಗಿದ ಮೇಲೆ ಬರಲಿ. ಈಗಲೇ ಕಟ್ಟಲು ಹೋಗಬೇಡಿ.