ಒಂದೇ ದಿನ ಕೊಲ್ಲಿಗೆ ಕೆನೋದಲ್ಲಿ ಹೋಗಿ ಮೀನೂ ಹಿಡಿದು, ಹಕ್ಕಿಯೂ ನೋಡಬಹುದಾ? ಎಷ್ಟು ಗಂಟೆಗೆ ಹೊರಡಬೇಕು?

ನಸುಕಿಗೆ ಹೊರಟು ಮಧ್ಯಾಹ್ನದೊಳಗೆ ವಾಪಸ್, ಕಾಲಬುಡದಲ್ಲಿ ಗಾಳದ ಕೋಲು, ಕುತ್ತಿಗೆಗೆ ಬೈನಾಕ್ಯುಲರ್. ನನ್ನದೂ ಅಚ್ಚು ಇದೇ ಪ್ಲಾನ್ ಆಗಿತ್ತು. ಮಧ್ಯಾಹ್ನ ನಾನಿದ್ದದ್ದು ಮಾತ್ರ ದಡದಲ್ಲಲ್ಲ, ಕೆಸರಿನ ನಡುವೆ.

ಅವತ್ತು ಬೆಳಗ್ಗೆ ಆರೂಕಾಲಕ್ಕೆ ಉಬ್ಬರ ತುಂಬಿತ್ತು. ಇಳಿತ ಮುಗಿಯೋದು ಹನ್ನೆರಡೂವರೆಗೆ. ಉಬ್ಬರವಿಳಿತದ ಟೇಬಲ್‌ನಲ್ಲಿ ಈ ಎರಡು ಹೊತ್ತು ನೋಡಿಕೊಂಡು ಹೊರಟೆ. ಪಕ್ಕದಲ್ಲೇ ನೀರಿನ ಎತ್ತರದ ಕಾಲಮ್ ಇತ್ತು, ಅದನ್ನು ಓದಲಿಲ್ಲ. ಮೊದಲ ಗಂಟೆಯಲ್ಲಿ ನೀರು ಇಳಿದದ್ದು ಬರೀ ಒಂದು ಗೇಣು, ಅಂದಾಜು 20 ಸೆಂಟಿಮೀಟರ್. ಒಂದು ಕವಲಿನ ಬಾಯಲ್ಲಿ ಹುಟ್ಟು ಇಳಿಸಿ ಆಳ ನೋಡಿದೆ: 120. ಲೆಕ್ಕ ಹಾಕಿದೆ. ಇನ್ನೈದು ಗಂಟೆ, ಗಂಟೆಗೆ 20, ಒಟ್ಟು 100. ಆಮೇಲೂ 20 ಉಳಿಯುತ್ತೆ. ನನ್ನ ದೋಣಿ ತೇಲೋಕೆ 10 ಸಾಕು. ಒಳಗೆ ಎಲ್ಲೋ ಗೊರವ ಹಕ್ಕಿಗಳ ಗುಂಪು ಕೂಗುತ್ತಿತ್ತು. ನುಗ್ಗಿದೆ.

ನೀರು ಒಂದೇ ವೇಗದಲ್ಲಿ ಇಳಿಯೋದಿಲ್ಲ. ಇದೊಂದನ್ನು ಬಿಡಿಸಿ ಹೇಳುತ್ತೇನೆ, ಬೋರ್ ಆದರೂ ಓದಿ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಹೋಗೋದು ಒಂದು ಪಾಲು. ಎರಡನೇ ಗಂಟೆಯಲ್ಲಿ ಎರಡು. ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು. ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಖಾಲಿ. ಮೊದಲ ಗಂಟೆಯಲ್ಲಿ 20 ಹೋಯಿತು ಅಂದರೆ ಒಟ್ಟು 240 ಹೋಗಲಿದೆ ಅಂತ ಅರ್ಥ. ನಾನು 120 ಅಂದುಕೊಂಡಿದ್ದೆ. ಸರಿಯಾಗಿ ಅರ್ಧ! ದಿನಕ್ಕೆ ಎರಡು ಉಬ್ಬರ ಬರುವ ಕಡೆ ಈ ಲೆಕ್ಕ ಒರಟಾಗಿ ನಡೆಯುತ್ತದೆ. ಕೆಲವು ಕರಾವಳಿಗಳಲ್ಲಿ ದಿನಕ್ಕೆ ಒಂದೇ ಉಬ್ಬರ, ಅಲ್ಲಿ ಟೇಬಲ್ಲೇ ಗತಿ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಇನ್ನೂ ಜಾಸ್ತಿ.

ಒಂಬತ್ತೂವರೆ ಹೊತ್ತಿಗೆ ಹುಟ್ಟು ಎಳೆದರೆ ನೀರಿನ ಬದಲು ಬೂದು ಕೆಸರು ಮೇಲೆದ್ದಿತು. ದೋಣಿಯ ಅಡಿ ಒಮ್ಮೆ ಉಜ್ಜಿತು, ಆಮೇಲೆ ಕೂತೇಬಿಟ್ಟಿತು. ಇಳಿದು ತಳ್ಳೋಣ ಅಂತ ಒಂದು ಕಾಲು ಹಾಕಿದರೆ ತೊಡೆತನಕ ಹೋಯಿತು. ಕಾಲು ವಾಪಸ್ ಬಂತು, ಚಪ್ಪಲಿ ಬರಲಿಲ್ಲ. ನೀವು ಮಾತ್ರ ಇಳಿಯಲೇಬೇಡಿ. ಎರಡೂ ಕಾಲು ಹೂತರೆ ಒಬ್ಬರೇ ಮೇಲೆ ಬರೋದು ಕಷ್ಟ. ದೋಣಿ ಕೂತಾಗ ಇದ್ದ ಮಟ್ಟಕ್ಕೇ ನೀರು ವಾಪಸ್ ಬರಬೇಕಲ್ವಾ, ಹಾಗಾಗಿ ಮತ್ತೆ ತೇಲಿದ್ದು ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ.

ಹಕ್ಕಿ ಮಾತ್ರ ಚೆನ್ನಾಗಿ ಸಿಕ್ಕವು. ಅಲ್ಲಾಡದೆ ಕೂತವನನ್ನು ಅವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ಕರ್ಲ್ಯೂ ಹುಟ್ಟಿನ ದೂರಕ್ಕೇ ಬಂದು, ಬಾಗಿದ ಕೊಕ್ಕನ್ನು ಬುಡದವರೆಗೆ ಕೆಸರಿಗೆ ಇಳಿಸಿ, ತಿರುವಿ, ಒಂದು ಏಡಿ ಎಳೆದು, ಕಾಲುಗಳನ್ನು ಕೊಡವಿ ಉದುರಿಸಿ ನುಂಗಿತು. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು, ಕುಡಿಯುವ ನೀರು ಮುಗಿದಿತ್ತು.

ತೇಲಿದ ಮೇಲೆ ಇನ್ನೊಂದು ಪೀಡೆ. ಹಗಲಲ್ಲಿ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ಹಾಗಾಗಿ ಮಧ್ಯಾಹ್ನ ಕಡಲಿನಿಂದ ಗಾಳಿ ಜೋರಾಗಿ ಬೀಸುತ್ತದೆ. ನಾನು ಹೊರಟ ಜಾಗ ಕೊಲ್ಲಿಯ ಬಾಯಿ ಕಡೆ. ಏರುವ ನೀರೂ ಎದುರು, ಗಾಳಿಯೂ ಎದುರು. ಒಬ್ಬನೇ ಹಿಂದೆ ಕೂತರೆ ಮುಂಭಾಗ ಮೇಲೆದ್ದು ಗಾಳಿ ತಳ್ಳಿದ ಕಡೆ ತಿರುಗುತ್ತದೆ. ಸಾಮಾನೆಲ್ಲ ಮುಂದಕ್ಕೆ ಸರಿಸಿ, ನಡುವೆ ಮಂಡಿಯೂರಿ ಹುಟ್ಟು ಹಾಕಿದ ಮೇಲಷ್ಟೇ ದೋಣಿ ಮಾತು ಕೇಳಿತು.

ಹಾಗಾಗಿ 'ಎಷ್ಟು ಗಂಟೆಗೆ' ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಗಡಿಯಾರ ಬಿಡಿ, ನೀರು ನೋಡಿ. ಬೆಳಗ್ಗೆ ಇಳಿತ ಮುಗಿದು ನೀರು ಏರಲು ಶುರುವಾಗುವ ದಿನ ಆರಿಸಿ. ಇಂದಿನ ಹೊತ್ತು ನಾಳೆ ಸುಮಾರು 50 ನಿಮಿಷ ತಡವಾಗುತ್ತದೆ, ಕೆಲವು ದಿನ ಕಾದರೆ ಸರಿಹೊಂದುವ ದಿನ ಬಂದೇ ಬರುತ್ತದೆ. ಏರುವ ನೀರಿನಲ್ಲಿ ತಳ ತಾಗಿದರೆ ಸ್ವಲ್ಪ ಹೊತ್ತು ಕಾದರಾಯಿತು, ಅದೇ ಎತ್ತುತ್ತದೆ. ಮೀನೂ ಆ ನೀರಿನ ಜೊತೆಗೇ ಕೆಸರಿನ ಮೇಲೆ ಮೇಯಲು ಬರುತ್ತದೆ. ಹಕ್ಕಿಗಳಿಗೆ ಜಾಗ ಕಿರಿದಾಗುತ್ತಾ ಬಂದು ದಡದ ಕಡೆಗೇ ಸೇರುತ್ತವೆ. ಉಬ್ಬರ ತುಂಬಿದಾಗ ಒತ್ತಾಗಿ ಕೂತು ವಿಶ್ರಮಿಸುವ ಗುಂಪಿನ ಹತ್ತಿರ ಮಾತ್ರ ಹೋಗಬೇಡಿ. 2022ರಲ್ಲಿ ಒಂದು ಗಾಡ್ವಿಟ್ (ಹೀಗೇ ಕೆಸರಿನಲ್ಲಿ ಮೇಯುವ ವಲಸೆ ಹಕ್ಕಿ) ಮರಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಎಲ್ಲೂ ಇಳಿಯದೆ 11 ದಿನ ಹಾರಿತ್ತು. ಅಂಥವುಗಳನ್ನು ಒಂದು ಫೋಟೋಗಾಗಿ ಎಬ್ಬಿಸೋದು ನನ್ನ ಪ್ರಕಾರ ಕಳ್ಳತನ.

ಮೀನು, ಹಕ್ಕಿ ಎರಡೂ ಒಂದೇ ದಿನ ಆಗಲಿ, ಒಂದೇ ಹೊತ್ತಿಗೆ ಬೇಡ. ರೀವ (ಟರ್ನ್) ಹಕ್ಕಿಗಳು ನೀರಿಗೆ ಧುಮುಕುವ ಕಡೆ ಕೆಳಗೆ ದೊಡ್ಡ ಮೀನು ಚಿಕ್ಕದನ್ನು ಅಟ್ಟುತ್ತಿರಬಹುದು. ಆಸೆ ಆಗುತ್ತದೆ, ಗೊತ್ತು. ಆದರೆ ಅಲ್ಲಿ ಗಾಳ ಎಸೆದರೆ ಹಕ್ಕಿಯೇ ಸಿಕ್ಕಿಕೊಳ್ಳಬಹುದು. ಸಿಕ್ಕಿದರೆ ದಾರ ಕತ್ತರಿಸಬೇಡಿ. ನಿಧಾನ ಎಳೆದುಕೊಂಡು, ತಲೆ ಮೇಲೆ ಬಟ್ಟೆ ಮುಚ್ಚಿ ಕೊಕ್ಕೆ ಬಿಡಿಸಿ.

ಬೈನಾಕ್ಯುಲರ್ 10x (ಹತ್ತು ಪಟ್ಟು ದೊಡ್ಡದಾಗಿ ತೋರಿಸೋದು) ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಬೇಡ, ಅಲುಗುವ ದೋಣಿಯಲ್ಲಿ ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. 8x42 (ಎಂಟು ಪಟ್ಟು, ಮುಂದಿನ ಗಾಜು 42 ಮಿ.ಮೀ.) ತಗೊಳ್ಳಿ, ವಾಟರ್‌ಪ್ರೂಫ್ ಇರಲಿ. ಲೈಫ್ ಜಾಕೆಟ್ ಹಾಕಿಕೊಂಡು, ಅದರ ಮೇಲೆ ನೇತುಹಾಕಿಕೊಳ್ಳಿ.