ಚೆಸ್ ಎಂಜಿನ್‌ಗಳ ಪಂದ್ಯ: 6–4 ಬಂದರೆ ಗೆದ್ದ ಹಾಗಾ?

ಮನೆಯಲ್ಲಿ, ಶಾಲೆಯಲ್ಲಿ ಚೆಸ್ ಎಂಜಿನ್‌ಗಳನ್ನು, ಅಂದರೆ ಚೆಸ್ ಆಡುವ ಪ್ರೋಗ್ರಾಮುಗಳನ್ನು, ಒಂದಕ್ಕೊಂದು ಆಡಿಸುವ ಬಗ್ಗೆ ಕಾಸರಗೋಡಿನ ಬೇರೆ ಬೇರೆ ಊರಿನಿಂದ ಪ್ರಶ್ನೆ ಬಂದಿವೆ. ಈ ಸಲ ಅವಕ್ಕೇ ಉತ್ತರ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ನಮ್ಮ ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನ ಒಬ್ಬಳು ಹುಡುಗಿ, ಒಬ್ಬ ಹುಡುಗ ಪೈಥಾನ್‌ನಲ್ಲಿ ಒಂದೊಂದು ಚೆಸ್ ಎಂಜಿನ್ ಬರೆದಿದ್ದಾರೆ. 10 ಆಟ ಆಡಿಸಿದೆವು. ಡ್ರಾ ಒಂದೂ ಇಲ್ಲ. ಹುಡುಗಿಯ ಎಂಜಿನ್ 6 ಗೆದ್ದಿತು, ಹುಡುಗನದ್ದು 4. ಅಸೆಂಬ್ಲಿಯಲ್ಲಿ ಅವಳ ಹೆಸರು ಹೇಳಬೇಕೆಂದಿದ್ದೇನೆ. ಹುಡುಗ ಮಾತ್ರ "ಇನ್ನೂ ಆಡಿಸಿ ಟೀಚರ್, ಇಷ್ಟು ಸಾಲದು" ಎನ್ನುತ್ತಾನೆ. ಅವನ ಮಾತಿನಲ್ಲಿ ಅರ್ಥ ಇದೆಯಾ? (ಬದಿಯಡ್ಕ ಹತ್ತಿರದ ಓದುಗರು)

ಉತ್ತರ: ಇದೆ ಟೀಚರ್. ಹುಡುಗ ಹೇಳುವುದೇ ಸರಿ. ಹೆಸರು ಹೇಳುವುದನ್ನು ಒಂದು ವಾರ ಮುಂದೆ ಹಾಕಿ.

ಕ್ಲಾಸಿನಲ್ಲೇ ಒಂದು ಪರೀಕ್ಷೆ ಮಾಡಬಹುದು. ಪ್ರತಿ ಮಗುವಿನ ಕೈಗೂ ಒಂದು ನಾಣ್ಯ ಕೊಟ್ಟು 10 ಸಲ ಚಿಮ್ಮಲು ಹೇಳಿ. ಸರಿಯಾಗಿ 5–5 ಬರುವುದು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ. ಹೆಡ್ 6 ಅಥವಾ ಅದಕ್ಕಿಂತ ಜಾಸ್ತಿ ಬೀಳುವ ಸಾಧ್ಯತೆ ನೂರಕ್ಕೆ 38. ಅಂದರೆ ಎರಡು ಎಂಜಿನ್‌ಗಳೂ ಸರಿಸಮ ಇದ್ದರೂ ಹುಡುಗಿಯದ್ದು 6 ಗೆಲ್ಲುವುದು ಏನೂ ದೊಡ್ಡ ವಿಷಯ ಅಲ್ಲ. ಅವಳ ಎಂಜಿನ್ ನಿಜವಾಗಿ ಚೆನ್ನಾಗಿರಲೂಬಹುದು. ಆದರೆ 10 ಆಟ ಅದನ್ನು ಹೇಳುವುದಿಲ್ಲ.

ಮೊದಲು ಆ 10 ಆಟಗಳ ಪಿಜಿಎನ್ ಫೈಲನ್ನು, ಅಂದರೆ ನಡೆಗಳು ದಾಖಲಾಗಿರುವ ಫೈಲನ್ನು, ತೆರೆದು ನೋಡಿ. ಅದು ಸಾದಾ ಅಕ್ಷರಗಳ ಫೈಲ್, ಯಾವ ಎಡಿಟರಿನಲ್ಲೂ ತೆರೆಯುತ್ತದೆ. ಪ್ರತಿ ಆಟದ ನಡೆಗಳನ್ನು ಒಂದರ ಕೆಳಗೆ ಒಂದು ಇಟ್ಟು ಓದಿ. ಎರಡು ಮೂರು ಆಟಗಳು ಮೊದಲ ನಡೆಯಿಂದ ಕೊನೆಯ ನಡೆಯವರೆಗೆ ಒಂದೇ ಥರ ಇದ್ದರೆ ಆಶ್ಚರ್ಯಪಡಬೇಡಿ. ಎಂಜಿನ್‌ಗೆ ಬೇಸರ ಇಲ್ಲ, ಹೊಸದು ಮಾಡುವ ಆಸೆ ಇಲ್ಲ. ಅದೇ ಸ್ಥಿತಿ ಕೊಟ್ಟರೆ ಹೆಚ್ಚಾಗಿ ಅದೇ ನಡೆ ಆಡುತ್ತದೆ. ಹಾಗಾದಾಗ ಒಂದೇ ಆಟವನ್ನು ಮೂರು ಸಲ ಲೆಕ್ಕ ಹಾಕಿದ ಹಾಗೆ ಆಗುತ್ತದೆ.

ಇದಕ್ಕೆ ಪರಿಹಾರ ಓಪನಿಂಗ್ ಬುಕ್. ಮೊದಲ ಐದಾರು ನಡೆಗಳನ್ನು ಫೈಲಿನಿಂದ ತೆಗೆದು ಆಡಿಸಿ, ಅಲ್ಲಿಂದ ಮುಂದೆ ಎಂಜಿನ್‌ಗಳಿಗೆ ಬಿಡುವುದು. ಒಂದು ಓಪನಿಂಗ್‌ಗೆ ಕಡ್ಡಾಯವಾಗಿ ಎರಡು ಆಟ. ಮೊದಲ ಆಟದಲ್ಲಿ ಹುಡುಗಿಯದ್ದಕ್ಕೆ ಬಿಳಿ, ಎರಡನೆಯದರಲ್ಲಿ ಹುಡುಗನದ್ದಕ್ಕೆ ಬಿಳಿ. ಪೈವಳಿಕೆಯ ಜೋಡುಕರೆ ಕಂಬಳ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಕೋಣಗಳು ಓಡುವ ಎರಡು ಕರೆಗಳಲ್ಲಿ (ಕೆಸರಿನ ಹಾದಿಗಳಲ್ಲಿ) ಒಂದರ ಕೆಸರು ಕೊಂಚ ಗಟ್ಟಿ ಇದ್ದರೆ, ಒಂದೇ ಓಟ ನೋಡಿ ಯಾವ ಜೋಡಿ ಕೋಣ ಜೋರು ಅಂತ ಹೇಳಲಿಕ್ಕಾಗುತ್ತದಾ? ಕರೆ ಬದಲಿಸಿ ಓಡಿಸಿದರೆ ಗೊತ್ತಾಗುತ್ತದೆ. ಚೆಸ್ಸಿನಲ್ಲಿ ಬಿಳಿಗೆ ಮೊದಲ ನಡೆಯ ಲಾಭ ಇದ್ದೇ ಇದೆ. ಅದರ ಮೇಲೆ ಕೆಲವು ಓಪನಿಂಗ್‌ಗಳೇ ಒಂದು ಕಡೆಗೆ ವಾಲಿರುತ್ತವೆ.

ಇನ್ನು ಆಟಗಳ ಸಂಖ್ಯೆ. ಆಟಗಾರರ ಬಲ ಅಳೆಯಲು ಎಲೊ ಅಂಕ ಬಳಸುತ್ತೇವೆ. ಇಬ್ಬರ ನಡುವೆ 100 ಎಲೊ ಅಂತರ ಇದ್ದರೆ ಬಲಶಾಲಿಗೆ ನೂರರಲ್ಲಿ ಸುಮಾರು 64 ಪಾಯಿಂಟ್ ಸಿಗುತ್ತದೆ. 55–45 ಬಂದರೆ ಅಂತರ ಸುಮಾರು 35 ಎಲೊ. ಅರ್ಧದಷ್ಟು ಆಟ ಡ್ರಾ ಆಗುವ ಪಂದ್ಯ ಅಂತ ಇಟ್ಟುಕೊಳ್ಳಿ. 100 ಆಟ ಆಡಿಸಿದರೂ ನಮ್ಮ ಲೆಕ್ಕ 50 ಎಲೊದಷ್ಟು ಆಚೀಚೆ ಆಗಬಹುದು. ಅಂದರೆ ಅಂತರಕ್ಕಿಂತ ತಪ್ಪೇ ದೊಡ್ಡದು! 1000 ಆಟಕ್ಕೆ ಆ ತಪ್ಪು 15ರ ಸುತ್ತ ಇಳಿಯುತ್ತದೆ. ಆಗ 35ರ ಅಂತರ ಕಣ್ಣಿಗೆ ಬೀಳುತ್ತದೆ. ತಪ್ಪನ್ನು ಅರ್ಧ ಮಾಡಬೇಕಾದರೆ ಆಟಗಳನ್ನು ನಾಲ್ಕು ಪಟ್ಟು ಮಾಡಬೇಕು. ಮಕ್ಕಳ ಎಂಜಿನ್‌ಗಳಲ್ಲಿ ಅಂತರ ಹೆಚ್ಚಾಗಿ ದೊಡ್ಡದೇ ಇರುತ್ತದೆ, ಹಾಗಾಗಿ 200 ಆಟಕ್ಕೇ ಒಂದು ಅಂದಾಜು ಸಿಗಬಹುದು. ಆದರೂ 1000 ಆಡಿಸಿ. ಖರ್ಚೇನೂ ಇಲ್ಲ ಅಲ್ವಾ?

1974ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಶಿಪ್ ನಡೆದಾಗ 13 ಪ್ರೋಗ್ರಾಮುಗಳು ಬಂದಿದ್ದವು. ಭಾರಿ ಖರ್ಚಿನ ದೊಡ್ಡ ಯಂತ್ರಗಳು. ಬೋರ್ಡಿನ ಮುಂದೆ ಮನುಷ್ಯರು ಕೂತು ಅವುಗಳ ಪರವಾಗಿ ಕಾಯಿ ನಡೆಸುತ್ತಿದ್ದರು. ಸೋವಿಯತ್ ಒಕ್ಕೂಟದ ಕೈಸ್ಸಾ ನಾಲ್ಕಕ್ಕೆ ನಾಲ್ಕೂ ಗೆದ್ದು ಚಾಂಪಿಯನ್ ಆಯಿತು. ನಾಲ್ಕೇ ಆಟ! ಅವರ ಕೈಯಲ್ಲಿ ಅಷ್ಟೇ ಸಾಧ್ಯವಿತ್ತು. ನಿಮ್ಮ ಶಾಲೆಯ ಲ್ಯಾಪ್‌ಟಾಪ್ ಒಂದು ರಾತ್ರಿಯಲ್ಲಿ 1000 ಆಟ ಆಡಿಸುತ್ತದೆ.

ಲೆಕ್ಕ ಹೀಗೆ. ಪ್ರತಿ ಎಂಜಿನ್‌ಗೆ 10 ಸೆಕೆಂಡ್, ಜೊತೆಗೆ ನಡೆಗೆ 0.1 ಸೆಕೆಂಡ್ ಕೊಡಿ. ಒಂದು ಆಟ ಸುಮಾರು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. 500 ಓಪನಿಂಗ್, ತಲಾ ಎರಡು ಆಟ. ಒಂದೊಂದಾಗಿ ಆಡಿಸಿದರೆ ಎಂಟೊಂಬತ್ತು ಗಂಟೆ. ನಾಲ್ಕು ಕೋರ್ ಇರುವ ಯಂತ್ರದಲ್ಲಿ ಒಟ್ಟಿಗೆ ಮೂರು ಆಟ ಓಡಿಸಿದರೆ ಮೂರು ಗಂಟೆಯ ಹತ್ತಿರ. ನಾಲ್ಕನೇ ಕೋರನ್ನು ಯಂತ್ರದ ಬೇರೆ ಕೆಲಸಕ್ಕೆ ಬಿಟ್ಟುಬಿಡಿ. ಆಡಿಸಲು ಕ್ಯೂಟ್ ಚೆಸ್ ಎಂಬ ಪ್ರೋಗ್ರಾಮು ಸಾಕು. ಉಚಿತ, ಲಿನಕ್ಸ್‌ನಲ್ಲೂ ಓಡುತ್ತದೆ. ಇಬ್ಬರಿಗೂ ಒಂದೊಂದೇ ಥ್ರೆಡ್ (ಒಂದು ಹೊತ್ತಿಗೆ ಒಂದೇ ಕೋರ್ ಬಳಸುವ ಹಾಗೆ), ಹ್ಯಾಶ್ ಮೆಮೊರಿ (ನೋಡಿದ ಸ್ಥಿತಿಗಳನ್ನು ನೆನಪಿಡುವ ಜಾಗ) ಸಮ. ಪಾಂಡರ್ ಆಫ್ ಮಾಡಿ. ಪಾಂಡರ್ ಅಂದರೆ ಎದುರಾಳಿಯ ಸರದಿಯಲ್ಲೂ ಯೋಚಿಸುವುದು. ಎರಡೂ ಒಂದೇ ಯಂತ್ರದಲ್ಲಿದ್ದರೆ ಅದು ಎದುರಾಳಿಯ ಪ್ರೊಸೆಸರನ್ನು ಕಸಿದುಕೊಂಡ ಹಾಗೆ.

ಈ ಷರತ್ತುಗಳ ವಿಷಯ ಸಣ್ಣದಲ್ಲ. 2017ರ ಡಿಸೆಂಬರ್‌ನಲ್ಲಿ ಗೂಗಲ್‌ನ ಡೀಪ್‌ಮೈಂಡ್ ಮಾಡಿದ ಆಲ್ಫಾಝೀರೊ 100 ಆಟಗಳಲ್ಲಿ ಹೆಸರಾಂತ ಉಚಿತ ಎಂಜಿನ್ ಸ್ಟಾಕ್‌ಫಿಶ್ 8ನ್ನು 28 ಸಲ ಸೋಲಿಸಿ, 72 ಡ್ರಾ ಮಾಡಿ, ಒಂದನ್ನೂ ಸೋಲದ ಸುದ್ದಿ ಬಂತು. ಆಗ ತಕರಾರು ಎದ್ದದ್ದು ಷರತ್ತುಗಳ ಮೇಲೆಯೇ. ಸ್ಟಾಕ್‌ಫಿಶ್‌ಗೆ ಕೊಟ್ಟದ್ದು ನಡೆಗೆ ಕಟ್ಟುನಿಟ್ಟಾಗಿ 1 ನಿಮಿಷ, ಹ್ಯಾಶ್ 1 ಜಿಬಿ ಮಾತ್ರ. ಸುಲಭದ ನಡೆಯಲ್ಲಿ ಸಮಯ ಉಳಿಸಿ ಕಷ್ಟದ ನಡೆಗೆ ಬಳಸುವ ಅದರ ಕಲೆಗೆ ಅಲ್ಲಿ ಜಾಗವೇ ಇರಲಿಲ್ಲ. 2018ರಲ್ಲಿ ಹೊರಬಂದ ಪ್ರಬಂಧದಲ್ಲಿ ಪಂದ್ಯದ ಸಮಯ ಹೀಗಿತ್ತು: 3 ಗಂಟೆ, ಜೊತೆಗೆ ನಡೆಗೆ 15 ಸೆಕೆಂಡ್. ಒಟ್ಟು 1000 ಆಟ. ಆಲ್ಫಾಝೀರೊಗೆ 155 ಗೆಲುವು, 6 ಸೋಲು, ಉಳಿದದ್ದೆಲ್ಲ ಡ್ರಾ. ನನ್ನ ಮಟ್ಟಿಗೆ ಈ ಎರಡನೆಯದೇ ತೂಕದ ಫಲಿತಾಂಶ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಎಷ್ಟು ಆಟ ಅಂತ ಮೊದಲೇ ಬೋರ್ಡಿನ ಮೇಲೆ ಬರೆಯಿರಿ. ನಡುವೆ ಒಬ್ಬರು ಮುಂದಿದ್ದಾಗ "ಸಾಕು" ಅಂತ ನಿಲ್ಲಿಸಬೇಡಿ. ಯಾವ ಪಂದ್ಯದಲ್ಲೂ ಸ್ವಲ್ಪ ಹೊತ್ತು ಯಾರಾದರೂ ಮುಂದೆ ಇದ್ದೇ ಇರುತ್ತಾರೆ. ಬೇಗ ನಿಲ್ಲಿಸಲೇಬೇಕು ಅಂದರೆ ಅದಕ್ಕೆ ಎಸ್‌ಪಿಆರ್‌ಟಿ ಎಂಬ ಲೆಕ್ಕದ ಕ್ರಮ ಇದೆ, ಕ್ಯೂಟ್ ಚೆಸ್‌ನ ಕಮಾಂಡ್ ಲೈನಿನಲ್ಲೇ ಸಿಗುತ್ತದೆ. ಸ್ಟಾಕ್‌ಫಿಶ್ ತಂಡ ಫಿಶ್‌ಟೆಸ್ಟ್ ಎಂಬ ತನ್ನ ಪರೀಕ್ಷಾ ವ್ಯವಸ್ಥೆಯಲ್ಲಿ ಬಳಸುವುದೂ ಅದನ್ನೇ. ಅಲ್ಲಿ ಒಂದು ಸಾಲು ಕೋಡ್ ಬದಲಿಸಿದರೂ ಹತ್ತಾರು ಸಾವಿರ ಆಟ ಆಡಿಸಿ ನೋಡುತ್ತಾರೆ.

ಪ್ರಶ್ನೆ: ನನ್ನ ಎಂಜಿನ್ ಗೆಲ್ಲುವ ಸ್ಥಿತಿಯಲ್ಲಿ ಇರುತ್ತದೆ, ಆದರೆ ಟೈಮ್ ಮುಗಿದು ಸೋಲುತ್ತದೆ. ಕೆಲವು ಸಲ ಮೊದಲ ನಡೆಯನ್ನೇ ಆಡುವುದಿಲ್ಲ. ಕೋಡಿನಲ್ಲಿ ತಪ್ಪು ಕಾಣುವುದಿಲ್ಲ. ಏನು ಮಾಡಲಿ ಸರ್? (ಕುಂಬಳೆಯ ಪ್ಲಸ್ ಟು ವಿದ್ಯಾರ್ಥಿ)

ಉತ್ತರ: ಮೊದಲ ನಡೆಯನ್ನೇ ಆಡದಿದ್ದರೆ, ನೀನು ಪೈಥಾನ್‌ನಲ್ಲಿ ಬರೆದಿದ್ದೀಯ ಅಂತ ಊಹಿಸುತ್ತೇನೆ. ಪಂದ್ಯ ನಡೆಸುವ ಪ್ರೋಗ್ರಾಮು ಮತ್ತು ಎಂಜಿನ್ ಮಾತಾಡುವ ಭಾಷೆ ಯುಸಿಐ. ಆ ಕಡೆಯಿಂದ "ಯುಸಿಐ" ಅಂತ ಬರುತ್ತದೆ, ನೀನು ಹೆಸರು ಹೇಳಿ "ಯುಸಿಐ ಓಕೆ" ಎನ್ನಬೇಕು. "ಈಸ್ ರೆಡಿ" ಎಂದರೆ "ರೆಡಿ ಓಕೆ". "ಗೋ" ಎಂದಾಗ ಯೋಚಿಸಿ "ಬೆಸ್ಟ್‌ಮೂವ್ ಇ2ಇ4" ಅಂತ ಉತ್ತರ. ನಿನ್ನ ಎಂಜಿನ್ ಉತ್ತರ ಕೊಟ್ಟಿರುತ್ತದೆ. ಆದರೆ ಪೈಥಾನ್ ಅದನ್ನು ಕೂಡಲೇ ಕಳಿಸದೆ ಬಫರಿನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಆ ಕಡೆಯವರು ಸುಮ್ನೆ ಕಾಯುತ್ತಾ ಇರುತ್ತಾರೆ, ಗಡಿಯಾರ ಓಡುತ್ತಾ ಇರುತ್ತದೆ. ಪ್ರತಿ ಪ್ರಿಂಟ್‌ಗೂ ಫ್ಲಶ್ ಸೇರಿಸು. ಟರ್ಮಿನಲ್ಲಿನಲ್ಲಿ ನೀನೇ ಟೈಪ್ ಮಾಡಿ ನೋಡಿದಾಗ ಈ ತೊಂದರೆ ಕಾಣುವುದಿಲ್ಲ, ಅದಕ್ಕೇ ತಪ್ಪು ಸಿಗದೇ ಇರುವುದು.

ಆಟದ ನಡುವೆ ಟೈಮ್ ಮುಗಿಯುವುದಕ್ಕೆ ಕಾರಣ ಬೇರೆ. ಹುಡುಕಾಟದ ಒಳಗೆ ಗಡಿಯಾರ ನೋಡುತ್ತೀಯಾ? ಒಂದು ಆಳ (ಎಷ್ಟು ನಡೆ ಮುಂದಕ್ಕೆ ನೋಡುವುದು ಎಂಬ ಹಂತ) ಪೂರ್ತಿ ಮುಗಿದ ಮೇಲೆ ಮಾತ್ರ ನೋಡಿದರೆ ತಡವಾಯಿತು. ಕೆಲವು ನೂರು ಸ್ಥಿತಿಗಳಿಗೊಮ್ಮೆ ನೋಡು. ಉಳಿದ ಸಮಯದಲ್ಲಿ ಕೊಂಚವನ್ನು ಮುಟ್ಟದೆ ಇಡು. ಸ್ಟಾಕ್‌ಫಿಶ್‌ನಲ್ಲಿ ಇದಕ್ಕೆ ಮೂವ್ ಓವರ್‌ಹೆಡ್ ಎಂಬ ಆಯ್ಕೆಯೇ ಇದೆ.

ಯಂತ್ರದ ಮೇಲೂ ಕಣ್ಣಿರಲಿ. ಒಂದು ಆಟಿ ತಿಂಗಳಲ್ಲಿ ನಾನು ರಾತ್ರಿ ಪಂದ್ಯ ಹಚ್ಚಿ ಮಲಗಿದ್ದೆ. ಮಳೆಗೆ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದು ವೇಗ ಕಡಿಮೆ ಮಾಡಿಕೊಂಡಿತು. ಬೆಳಿಗ್ಗೆ ಅಂಕ ಮಾತ್ರ ನೋಡಿ, ನಾನು ಹೊಸದಾಗಿ ಬರೆದ ಭಾಗ ಕೆಟ್ಟದ್ದು ಅಂತ ತೆಗೆದುಹಾಕಿದೆ. ಎರಡು ದಿನ ಬಿಟ್ಟು ಪಿಜಿಎನ್ ತೆರೆದಾಗ ಗೊತ್ತಾಯಿತು, ಸೋತ ಆಟಗಳಲ್ಲಿ ಹೆಚ್ಚಿನವು ಟೈಮ್ ಮುಗಿದು ಸೋತವು. ಟೈಮ್ ಮುಗಿದು ಸೋತಿದ್ದರೆ ಅದನ್ನು ಹೇಳುವ ಸಾಲು ಆ ಆಟದ ತಲೆಬರಹದಲ್ಲೇ ಇರುತ್ತದೆ. ಅಂಕ ನೋಡುವ ಮೊದಲು ಆ ಸಾಲು ಓದು.

ಪ್ರಶ್ನೆ: ಸ್ಟಾಕ್‌ಫಿಶ್‌ನ ಎರಡು ಆವೃತ್ತಿಗಳನ್ನು ಆಡಿಸಿದೆ. 40 ಆಟ, 40ಕ್ಕೆ 40 ಡ್ರಾ. ಹಾಗಾದರೆ ಹೊಸದರಲ್ಲಿ ಸುಧಾರಣೆ ಏನು? (ಮುಳ್ಳೇರಿಯದ ಓದುಗರು)

ಉತ್ತರ: ಸುಧಾರಣೆ ಇದೆ, ನಿಮ್ಮ ಪಂದ್ಯಕ್ಕೆ ಅದು ಕಾಣುತ್ತಿಲ್ಲ. ಇಷ್ಟು ಬಲದ ಎಂಜಿನ್‌ಗಳಿಗೆ ಸಾದಾ ಓಪನಿಂಗ್ ಕೊಟ್ಟರೆ ಇಬ್ಬರೂ ತಪ್ಪು ಮಾಡುವುದಿಲ್ಲ. ಅದಕ್ಕೆ ಬೇಕೆಂದೇ ಓರೆ ಇರುವ ಓಪನಿಂಗ್ ಕೊಡಬೇಕು. ಬಿಳಿ ಗೆಲ್ಲಬಹುದು, ಕಪ್ಪು ಡ್ರಾ ಹಿಡಿಯಲೂಬಹುದು ಎನ್ನುವಂಥ ಅಂಚಿನ ಸ್ಥಿತಿ. ಆಮೇಲೆ ಬಣ್ಣ ಬದಲಿಸಿ ಅದನ್ನೇ ಆಡಿಸಿ. ಒಂದು ಎಂಜಿನ್ ಬಿಳಿಯಲ್ಲಿ ಗೆದ್ದು, ಅದೇ ಸ್ಥಿತಿಯಲ್ಲಿ ಕಪ್ಪು ಹಿಡಿದು ಡ್ರಾ ಮಾಡಿತು ಅಂದರೆ ಆ ಜೋಡಿ ಆಟ ಅದರದ್ದು. 2010ರಲ್ಲಿ ಶುರುವಾದ, ಎಂಜಿನ್‌ಗಳದ್ದೇ ಆದ ಟಿಸಿಇಸಿ ಪಂದ್ಯಾವಳಿಯಲ್ಲೂ ಇಂಥ ಓಪನಿಂಗ್‌ಗಳನ್ನೇ ಆರಿಸಿ ಕೊಡುತ್ತಾರೆ. ಸಮಯವನ್ನೂ ಕಡಿಮೆ ಮಾಡಿ. ಹೊತ್ತು ಜಾಸ್ತಿ ಸಿಕ್ಕಷ್ಟೂ ಡ್ರಾ ಜಾಸ್ತಿ.

ಪ್ರಶ್ನೆ: ನಮ್ಮ ಕಾಲೇಜಿನ ಪಂದ್ಯದಲ್ಲಿ ಒಂದು ಎಂಜಿನ್ ಎಲ್ಲರನ್ನೂ ಬಡಿದು ಹಾಕಿತು. ಅದು ಹೆಸರು ಬದಲಿಸಿದ ಸ್ಟಾಕ್‌ಫಿಶ್ ಅಂತ ಗುಮಾನಿ. ಪತ್ತೆ ಮಾಡುವುದು ಹೇಗೆ? ಡಿಬಾರ್ ಮಾಡಬೇಕಾ? (ಮಂಜೇಶ್ವರದ ಓದುಗರು)

ಉತ್ತರ: ಪತ್ತೆ ಕಷ್ಟ ಇಲ್ಲ. ಸ್ಟಾಕ್‌ಫಿಶ್‌ಗೆ "ಬೆಂಚ್" ಎಂದು ಕೊಟ್ಟರೆ ಗೊತ್ತಾದ ಕೆಲವು ಸ್ಥಿತಿಗಳನ್ನು ನೋಡಿ, ಎಷ್ಟು ಸ್ಥಿತಿ ಹುಡುಕಿತು ಎಂಬ ಒಂದು ಸಂಖ್ಯೆ ಹೇಳುತ್ತದೆ. ಒಂದು ಆವೃತ್ತಿಗೆ ಒಂದೇ ಸಂಖ್ಯೆ, ಹೆಬ್ಬೆರಳಿನ ಗುರುತಿನ ಹಾಗೆ. ಗುಮಾನಿಯ ಎಂಜಿನ್ ಅದೇ ಸಂಖ್ಯೆ ಕೊಟ್ಟರೆ ಮತ್ತೆ ಮಾತಿಲ್ಲ. ಬೆಂಚ್ ತೆಗೆದು ಹಾಕಿದ್ದರೆ, ಹತ್ತಿಪ್ಪತ್ತು ಸ್ಥಿತಿಗಳಲ್ಲಿ ಒಂದೇ ಆಳಕ್ಕೆ ಒಂದೇ ಥ್ರೆಡ್‌ನಲ್ಲಿ ಎರಡನ್ನೂ ಓಡಿಸಿ ಹೋಲಿಸಿ.

ದೊಡ್ಡ ಪಂದ್ಯಗಳಲ್ಲೂ ಇದು ನಡೆದಿದೆ. ಬೇರೆಯವರ ಕೋಡ್ ಬಳಸಿದ್ದಾರೆಂದು 2011ರಲ್ಲಿ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಶಿಪ್ ನಡೆಸುವ ಐಸಿಜಿಎ ಸಂಸ್ಥೆ ರಿಬ್ಕಾ ಎಂಜಿನ್ನಿನ ನಾಲ್ಕು ವಿಶ್ವ ಪಟ್ಟಗಳನ್ನು ಹಿಂದಕ್ಕೆ ಪಡೆಯಿತು. ಸ್ಟಾಕ್‌ಫಿಶ್‌ನ ಕೋಡನ್ನು ಯಾರೂ ತೆಗೆದುಕೊಂಡು ತಿದ್ದಬಹುದು, ಅದರ ಲೈಸೆನ್ಸೇ ಹಾಗಿದೆ. ಆದರೆ ಹಂಚುವಾಗ ಮೂಲ ಹೇಳಬೇಕು, ಕೋಡನ್ನೂ ಕೊಡಬೇಕು. ತಪ್ಪು ಇರುವುದು ಮುಚ್ಚಿಡುವುದರಲ್ಲಿ. ಆ ವಿದ್ಯಾರ್ಥಿಯನ್ನು ಎಲ್ಲರೆದುರು ನಿಲ್ಲಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ಎಂಜಿನ್ ನಡೆಗಳನ್ನು ಯಾವ ಕ್ರಮದಲ್ಲಿ ಪರೀಕ್ಷಿಸುತ್ತದೆ ಅಂತ ಕೇಳಿ. ಸ್ವಂತ ಬರೆದವನು ಅರ್ಧ ಗಂಟೆ ಮಾತಾಡುತ್ತಾನೆ. ಮುಂದಿನ ವರ್ಷ ಸ್ವಂತದ್ದಕ್ಕೆ ಒಂದು ವಿಭಾಗ, ತಿದ್ದಿದ್ದಕ್ಕೆ ಇನ್ನೊಂದು ವಿಭಾಗ ಮಾಡಿ.

ಪ್ರಶ್ನೆ: ಪಂದ್ಯವನ್ನು ಪ್ರೊಜೆಕ್ಟರಿನಲ್ಲಿ ತೋರಿಸಿ ವಿವರಣೆ ಕೊಡುತ್ತೇವೆ. ಕನ್ನಡ, ಮಲಯಾಳ ಎರಡೂ ಮೀಡಿಯಮ್ಮಿನ ಮಕ್ಕಳಿದ್ದಾರೆ. "ಆನೆ ಹೋಯಿತು" ಅಂದಾಗಲೆಲ್ಲ ಗಲಾಟೆ. (ಪೆರ್ಲದ ಓದುಗರು)

ಉತ್ತರ: ಗಲಾಟೆ ಆಗಲೇಬೇಕು. ನಮಗೆ ಮೂಲೆಯ ಕಾಯಿ ಆನೆ, ಓರೆಯಾಗಿ ಹೋಗುವುದು ಒಂಟೆ. ಮಲಯಾಳದಲ್ಲಿ ಮೂಲೆಯದ್ದು ತೇರು, ಓರೆಯಾಗಿ ಹೋಗುವುದೇ ಆನೆ. ಇಬ್ಬರೂ ಸರಿಯಾಗೇ ಹೇಳುತ್ತಿದ್ದಾರೆ. ಪರದೆಯ ಪಕ್ಕ ಒಂದು ಚಾರ್ಟ್ ತೂಗುಹಾಕಿ. ಆರು ಕಾಯಿಗಳ ಚಿತ್ರ, ಎದುರಿಗೆ ಎರಡೂ ಭಾಷೆಯ ಹೆಸರು, ಪಿಜಿಎನ್‌ನಲ್ಲಿ ಬರುವ ಇಂಗ್ಲಿಷ್ ಅಕ್ಷರ. ವಿವರಣೆ ಕೊಡುವವರು ಮೊದಲ ದಿನ "ಮೂಲೆಯ ಆನೆ" ಅಂತ ಹೇಳಿದರೆ ಸಾಕು, ಎರಡನೇ ದಿನಕ್ಕೆ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.