ಬ್ರಿಟನ್ನಿನಲ್ಲಿ ಬಿಡಿಭಾಗಗಳ ಕಿಟ್ ಕೊಂಡು ಮನೆಯಲ್ಲೇ ಕಟ್ಟಿದ ಕಾರು (ಕಿಟ್ ಕಾರು) ಚೆನ್ನಾಗಿ ಓಡಿದರೂ ತಪಾಸಣೆಯಲ್ಲಿ ಫೇಲ್ ಆಗುವುದೇಕೆ?

ಬಹಳಷ್ಟು ಸಲ ತೊಂದರೆ ಇರುವುದು ಎಂಜಿನ್ನಿನಲ್ಲಲ್ಲ, ಚೂಪಾದ ಅಂಚುಗಳಲ್ಲಿ. ಕಾರ್ಖಾನೆಯ ಕಾರಾದರೆ ಒಂದು ಮಾದರಿಗೆ ಒಪ್ಪಿಗೆ ಸಿಕ್ಕರೆ ಸಾಕು, ಅದೇ ಅಚ್ಚಿನ ಸಾವಿರಾರು ಕಾರು ರಸ್ತೆಗಿಳಿಯುತ್ತವೆ. ನೀವು ಕಟ್ಟಿದ್ದು ಒಂದೇ ಒಂದು, ಹಾಗಾಗಿ ಅದನ್ನೇ ಇಂಚಿಂಚೂ ನೋಡುತ್ತಾರೆ. ಈ ತಪಾಸಣೆಯ ಹೆಸರು ಐವಿಎ, ಅಂದರೆ ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್ (ಒಂದೊಂದೇ ವಾಹನಕ್ಕೆ ಕೊಡುವ ಒಪ್ಪಿಗೆ).

ಕಾರು ಯಾರಿಗಾದರೂ ತಗುಲಿದರೆ ಮೈ ಸೀಳಬಾರದು ಎಂಬುದು ಅಂಚಿನ ನಿಯಮದ ಉದ್ದೇಶ. 100 ಮಿ.ಮೀ. ವ್ಯಾಸದ ಗುಂಡನ್ನು ಕಾರಿನ ಹೊರಮೈ ಮೇಲೆ ಆಡಿಸಿದಾಗ ಅದು ಮುಟ್ಟುವ ಅಂಚಿನ ದುಂಡು ಸಾಮಾನ್ಯವಾಗಿ ಕನಿಷ್ಠ 2.5 ಮಿ.ಮೀ. ತ್ರಿಜ್ಯದ್ದಾಗಿರಬೇಕು. ಒಳಗೆ ಅವಿತಿರುವ ಬೋಲ್ಟಿಗೆ ಗುಂಡು ತಾಗದಿದ್ದರೆ ಅದು ಲೆಕ್ಕಕ್ಕಿಲ್ಲ. ಅಷ್ಟೇ ಅಳತೆಯ ಚೆಂಡೊಂದನ್ನು ಹಿಡಿದು ಮಡ್ಗಾರ್ಡ್, ಕನ್ನಡಿಯ ಕಾಲು, ಸಸ್ಪೆನ್ಷನ್ ಸುತ್ತ ಮೊದಲೇ ಆಡಿಸಿ ನೋಡಿ. ತಾಗಿದ ನಟ್ಟಿಗೆ ಪ್ಲಾಸ್ಟಿಕ್ ಟೋಪಿ, ತಗಡಿನ ಅಂಚಿಗೆ ರಬ್ಬರ್ ಪಟ್ಟಿ. ನೋಡಲು ಅಷ್ಟೇನೂ ಚೆಂದವಿರುವುದಿಲ್ಲ, ಆದರೆ ಕೆಲಸ ನಡೆಯುತ್ತದೆ.

ಸ್ಟಿಯರಿಂಗ್ ಕೂಡ ಹಲವರಿಗೆ ಕೈಕೊಡುತ್ತದೆ. ತಿರುವಿನಲ್ಲಿ ಹಿಡಿತ ಸಡಿಲಿಸಿದರೆ ಅದು ತಾನಾಗಿ ನೇರದ ಕಡೆಗೆ ಮರಳಬೇಕು. ಮುಂಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಮೇಲ್ತುದಿಯಲ್ಲಿ ತುಸು ಹಿಂದಕ್ಕೆ ವಾಲಿದ್ದರೆ ಇದು ಸರಿಯಾಗಿ ಆಗುತ್ತದೆ. ಈ ವಾಲಿಕೆಗೆ ಕ್ಯಾಸ್ಟರ್ ಎನ್ನುತ್ತಾರೆ. ಮುಂಭಾಗ ಹಗುರವಾದ ಕಾರಿನಲ್ಲಿ ಅದನ್ನು ಹೆಚ್ಚಿಸಬೇಕಾದೀತು. ಇನ್ನು ಸ್ಪೀಡೋಮೀಟರ್: ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸಿದರೆ ನಡೆದೀತು, ಕಡಿಮೆ ತೋರಿಸುವಂತಿಲ್ಲ.